ಒಂದು ಕಿವಿ ನನಗ ಬಿಡ್ರಿ

ಗದಗಿನ ಆ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಬೆಳಿಗ್ಗೆ ಪಟ್ಟಿ ಬದಲಿಸುವ ಟ್ರಾಲಿಯ ಗಾಲಿ ಕಿರುಗುಟ್ಟಿತೆಂದರೆ ಮಕ್ಕಳು ಅಳಲು ಶುರು ಮಾಡುತ್ತಿದ್ದವು. ಟ್ರಾಲಿ ಇನ್ನೂ ಕಾರಿಡಾರಿನ ಆ ತುದಿಯಲ್ಲೇ ಇರುತ್ತಿತ್ತು. ಅದನ್ನು ತಳ್ಳಿಕೊಂಡು ಬರುವ ಸಿಸ್ಟರಿಗೆ ಆ ಅಳು ಕೇಳುತ್ತಿರಲಿಲ್ಲವೆಂದಲ್ಲ. ಆದರೆ ಅವರ ನಡಿಗೆ ಅದಕ್ಕಾಗಿ ಜೋರೂ ಆಗುತ್ತಿರಲಿಲ್ಲ, ನಿಧಾನವೂ ಆಗುತ್ತಿರಲಿಲ್ಲ. ಕುಳ್ಳಗಿನ, ಗಟ್ಟಿಮುಟ್ಟಾದ ಹೆಂಗಸು. ವಯಸ್ಸು ಐವತ್ತು ದಾಟಿತ್ತು. ಕನ್ನಡಕವನ್ನು, ಅವರ ಮಾತಿನಲ್ಲಿ ಚಾಳೀಸನ್ನು, ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಅವರು ನಕ್ಕದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

ಕಳೆದ ತಿಂಗಳು ಅವರು ತೀರಿಕೊಂಡರೆಂಬ ಸುದ್ದಿ ಬಂದಾಗ ನಾನು ಶಿರಹಟ್ಟಿಯ ನಮ್ಮ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಫೋನು ಕೆಳಗಿಟ್ಟು ಪಾಠ ಮುಂದುವರಿಸಲು ನೋಡಿದೆ, ಆಗಲಿಲ್ಲ. ಮಕ್ಕಳಿಗೆ ಓದಿಕೊಳ್ಳಲು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವಾರ್ಡಿನಲ್ಲಿ ನಮಗೆಲ್ಲ ಅವರು ಬರೀ ಸಿಸ್ಟರ್. ಹೆಸರು ನನಗೆ ಗೊತ್ತಾದದ್ದೇ ಎಷ್ಟೋ ತಡವಾಗಿ.

ಐದು ವರ್ಷದ ಹಿಂದಿನ ಮಾತು. ನನ್ನ ಮಗಳು ಭಾಗ್ಯ ಆಗ ಮೂರನೇ ತರಗತಿ. ದಸರೆಯ ರಜೆಗೆ ಲಕ್ಷ್ಮೇಶ್ವರದ ನನ್ನ ತವರಿಗೆ ಹೋಗಿದ್ದೆವು. ಒಲೆ ಇಟ್ಟಿದ್ದ ಹಳೆಯ ಮೇಜಿನ ಕಾಲು ಮುರಿದು, ಚಕ್ಕುಲಿ ಕರಿಯುತ್ತಿದ್ದ ಬಾಣಲೆ ಮಗುಚಿ, ಕಾದ ಎಣ್ಣೆ ಅವಳ ಬಲಗೈ ಮೇಲೆ ಬಿತ್ತು. ಬೆರಳಿನಿಂದ ಮೊಣಕೈವರೆಗೂ ಸುಟ್ಟಿತು. ಲಕ್ಷ್ಮೇಶ್ವರದ ಡಾಕ್ಟರು ನೋಡಿ, ನೋವಿನ ಇಂಜೆಕ್ಷನ್ ಕೊಟ್ಟು, "ಇದು ಇಲ್ಲಿ ಆಗೂದಿಲ್ರಿ, ಜಲ್ದಿ ಗದಗಿಗಿ ಹೋಗ್ರಿ" ಎಂದರು.

ಜೀವಕ್ಕೆ ಭಯವಿರಲಿಲ್ಲ. ಭಯವಿದ್ದದ್ದು ಕೈಗೆ. ಗದಗಿನ ಡಾಕ್ಟರು ನಮಗೆ ಬಿಡಿಸಿ ಹೇಳಿದರು: ದಿನ ಬಿಟ್ಟು ದಿನ ಪಟ್ಟಿ ಬಿಚ್ಚಬೇಕು, ತೊಳೆಯಬೇಕು, ಒಂದೊಂದು ಬೆರಳನ್ನೂ ಮಡಚಿ ಬಿಡಿಸಬೇಕು, ಮತ್ತೆ ಕಟ್ಟಬೇಕು. ಇದರಲ್ಲಿ ಯಾವುದು ತಪ್ಪಿದರೂ ಬೆರಳುಗಳು ಒಂದಕ್ಕೊಂದು ಅಂಟಿ ಸೊಟ್ಟಗಾಗಿ ನಿಂತುಬಿಡುತ್ತವೆ. ಬಲಗೈ. ಅವಳು ಬರೆಯುವ ಕೈ.

ಮೊದಲ ಸಲ ಪಟ್ಟಿ ಬಿಚ್ಚಿದ ದಿನ ಸಿಸ್ಟರ್ ರಜೆಯಲ್ಲಿದ್ದರು. ಬೇರೆಯವರು ಬಂದು "ನೋವಾಗೂದಿಲ್ಲ ಪುಟ್ಟಿ, ಇರಿವಿ ಕಡದಂಗ ಆಗ್ತೈತಿ ಅಷ್ಟ" ಎಂದು ಹೇಳಿ, ನಾಲ್ಕು ಜನ ಹಿಡಿದುಕೊಂಡು ಬಿಚ್ಚಿದರು. ಆ ಕೂಗನ್ನು ನಾನು ವರ್ಣಿಸಲಾರೆ. ಮುಗಿದ ಮೇಲೆ ಭಾಗ್ಯ ಮಾತು ಬಿಟ್ಟಳು. ಅನ್ನ ಕಲಸಿಕೊಟ್ಟರೆ ಬಾಯಿ ತೆರೆಯಲಿಲ್ಲ. ನನ್ನನ್ನೂ ನೋಡಲಿಲ್ಲ.

ಮರುದಿನ ಸಿಸ್ಟರ್ ಬಂದರು. ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಹಾಸಿಗೆಯ ಮೇಲೆ ಅಂಗೈ ಊರಿ, ಮಗುವನ್ನು ಮುಟ್ಟದೆ ಮಾತಾಡಿದರು.

"ನಾಳಿ ಪಟ್ಟಿ ಬಿಚ್ಚೂದೈತಿ. ನಾನ ಬಿಚ್ಚಾಕಿ. ನೋವಾಗ್ತೈತಿ."

ಭಾಗ್ಯ ಗೋಡೆಯ ಕಡೆ ಹೊರಳಿದಳು. ನನಗೆ ಸಿಟ್ಟು ಬಂತು. "ಹಂಗ್ಯಾಕ ಹೇಳ್ತೀರಿ ಸಿಸ್ಟರ್? ಕೂಸು ಅಂಜ್ತೈತಿ" ಎಂದೆ.

"ಆಕಿ ಆಗ್ಲೇ ಅಂಜ್ಯಾಳ್ರಿ ಅಕ್ಕೋರ. ನಾ ನೋವಾಗೂದಿಲ್ಲ ಅಂದ್ರ ಇನ್ನ ನಂಬತಾಳೇನು? ನಾಳಿ ನಂಬಿದ್ರೂ ನಾಡದ ನಂಬೂದಿಲ್ಲ. ನನಗ ಭಾಳ ದಿನಾ ಈ ಕೈ ಬಿಚ್ಚೂದೈತಿ." ಆಮೇಲೆ ಭಾಗ್ಯಳ ಬೆನ್ನಿಗೆ ಹೇಳಿದರು: "ನೀ 'ನಿಲ್ರಿ' ಅಂದ ಕೂಡ್ಲೆ ನಾ ಹಿಂಗ ಎರಡೂ ಕೈ ಎತ್ತತೀನಿ. ನೀ 'ಮಾಡ್ರಿ' ಅನ್ನೂತನಕಾ ಇಳಸೂದಿಲ್ಲ. ಬೇಕಾರ ನೋಡು."

ಹೇಳಿದವರೇ ಎರಡೂ ಕೈಗಳನ್ನು ಭುಜದ ಮೇಲಕ್ಕೆ ಎತ್ತಿ ಕೂತರು. ಭಾಗ್ಯ ಹೊರಳಲಿಲ್ಲ. ಸಿಸ್ಟರ್ ಕೈ ಇಳಿಸಲಿಲ್ಲ. ಪಕ್ಕದ ಮಂಚದವರು ನೋಡಿ ಮುಸಿಮುಸಿ ನಕ್ಕರು. ಬಾಗಿಲಲ್ಲಿ ಯಾರೋ ಕರೆದದ್ದಕ್ಕೆ ಸಿಸ್ಟರ್ "ತಡೀರಿ" ಎಂದರು, ಅಷ್ಟೆ. ಕೊನೆಗೆ ಭಾಗ್ಯ ಕತ್ತು ಮಾತ್ರ ತಿರುಗಿಸಿ ನೋಡಿದಳು. ಕೈ ಇನ್ನೂ ಮೇಲೇ ಇತ್ತು.

"ಇಳಸ್ರಿ" ಎಂದಳು. ಎರಡು ದಿನದಲ್ಲಿ ಅವಳು ಆಡಿದ ಮೊದಲ ಮಾತು ಅದು.

ಆದರೆ ಇದರಿಂದ ಎಲ್ಲ ಸಲೀಸಾಯಿತೆಂದು ಹೇಳಿದರೆ ಸುಳ್ಳಾದೀತು. ಮರುದಿನ ಸಿಸ್ಟರ್ ಪಟ್ಟಿಯ ಮೇಲೆ ನೀರು ಹಾಕಿ ನೆನೆಸಿ, ಒಂದೊಂದೇ ಪದರ ಬಿಡಿಸಲು ಕೂತರು. ಭಾಗ್ಯ "ನಿಲ್ರಿ" ಎನ್ನುತ್ತಲೇ ಹೋದಳು. ಸಿಸ್ಟರ್ ಕೈ ಎತ್ತುತ್ತಲೇ ಹೋದರು. ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನವಾದರೂ ಮುಗಿಯಲಿಲ್ಲ. ನೋವಿನ ಔಷಧದ ಶಕ್ತಿ ಇಳಿಯಿತು. ಗಾಯ ತೊಳೆದದ್ದಾಯಿತು, ಬೆರಳು ಆಡಿಸಲು ಆಗಲೇ ಇಲ್ಲ. ಪಟ್ಟಿ ಕಟ್ಟಿ ಎದ್ದಾಗ ಸಿಸ್ಟರಿನ ಕುಪ್ಪಸ ಬೆವರಿನಿಂದ ಒದ್ದೆಯಾಗಿತ್ತು. ಉಳಿದ ರೋಗಿಗಳು ಕಾದು ಕಾದು ಬೈಯುತ್ತಿದ್ದರು.

ಆ ಮಧ್ಯಾಹ್ನ ನನ್ನ ಮಾವ ಬಂದರು. ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ ಸುಟ್ಟಗಾಯಕ್ಕೆ ಎಲೆರಸ ಹಚ್ಚುವವರಿದ್ದಾರೆಂದು ಅವರಿಗೆ ಯಾರೋ ಹೇಳಿದ್ದರು. "ಅಲ್ಲಿ ಬಿಚ್ಚೂದಿಲ್ಲ, ತಿಕ್ಕೂದಿಲ್ಲ. ರಸ ಹಚ್ಚಿ ಬಿಡ್ತಾರ, ತಾನ ಮಾಯ್ತೈತಿ. ಇಲ್ಲಿ ದಿನಾ ಕೂಸನ್ನ ಕೊಲ್ಲಾಕ ಹತ್ಯಾರ. ಎರಡ ದಿನಾ ನೋಡ್ತೀನಿ ತಂಗಿ, ಆಮ್ಯಾಲ ಗಾಡಿ ತರ್ತೀನಿ" ಎಂದರು. ಮೊಮ್ಮಗಳ ಮೇಲೆ ಅವರಿಗೆ ಪ್ರಾಣ. ನನ್ನ ಗಂಡನೂ ಬರಬರುತ್ತ ಅವರ ಮಾತಿಗೇ ವಾಲುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸುತ್ತಿತ್ತು.

ಸಿಸ್ಟರ್ ಸಮಾಧಾನ ಹೇಳುವವರಲ್ಲ. ವಾರ್ಡಿನಲ್ಲಿ ಅವರನ್ನು ಇಷ್ಟಪಡುವವರು ಕಡಿಮೆ. ಅಳುವ ತಾಯಂದಿರಿಗೆ "ಅಳೂದಿದ್ರ ಹೊರಗ ಹೋಗಿ ಅತ್ತು ಬರ್ರಿ, ಕೂಸಿಗಿ ಈಗ ನಿಮ್ಮ ಮುಖ ಬೇಕು" ಎನ್ನುತ್ತಿದ್ದರು. ನಾವಿದ್ದಾಗಲೇ ಮುಂಡರಗಿಯ ಒಬ್ಬಾತನನ್ನು ತಂದಿದ್ದರು. ಮೈಯೆಲ್ಲ ಸುಟ್ಟಿತ್ತು. ಆತ ಸಿಸ್ಟರನ್ನು, "ನಾ ಉಳಿತೀನೇನ್ರಿ?" ಎಂದು ಕೇಳಿದ. "ನನಗ ಗೊತ್ತಿಲ್ರಿ. ಇವತ್ತ ನಿಮ್ಮ ಉಸರು ನಿನ್ನಿಗಿಂತ ಚಲೋ ಐತಿ. ಅಷ್ಟ ನನಗ ಗೊತ್ತಿರೂದು" ಎಂದರು. ಆತನ ತಮ್ಮ ಕಾರಿಡಾರಿನಲ್ಲಿ ಅವರನ್ನು ಅಡ್ಡಗಟ್ಟಿ, "ಉಳಿತೀರಿ ಅನ್ನಾಕ ನಿಮ್ಮ ಗಂಟೇನ ಹೋಗ್ತಿತ್ತು? ಮನಷ್ಯಾರೇನು ನೀವು?" ಎಂದು ಎಲ್ಲರೆದುರಿಗೆ ಕೂಗಾಡಿದ. ಸಿಸ್ಟರ್ ಅವನು ಮುಗಿಸುವ ತನಕ ನಿಂತು ಕೇಳಿಸಿಕೊಂಡರು. ಹಿಂದಿರುಗಿ ಹೋಗಿ ಆ ರೋಗಿಯ ತುಟಿಗೆ ಒದ್ದೆ ಹತ್ತಿ ಒತ್ತುತ್ತ ಕೂತರು. ಆತನನ್ನು ಆಮೇಲೆ ಹುಬ್ಬಳ್ಳಿಗೆ ಕರೆದೊಯ್ದರು. ಏನಾಯಿತೋ ನಮಗೆ ತಿಳಿಯಲಿಲ್ಲ.

ಒಮ್ಮೆ ಮಾತ್ರ ತಮ್ಮ ಬಗ್ಗೆ ಮಾತಾಡಿದರು. ಮಧ್ಯಾಹ್ನ ಕಿಟಕಿಯ ಹತ್ತಿರ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದವರು ಇದ್ದಕ್ಕಿದ್ದಂತೆ, "ಬೆಟಗೇರಿ ಬಸ್ಸಿನ್ಯಾಗ ಮೊನ್ನಿ ಒಂದ ಕೂಸು ನನ್ನ ನೋಡಿ ಚೀರಾಕ ಹತ್ತಿತು" ಎಂದರು. "ಆ ತಾಯಿಗಿ ನನ್ನ ಗುರ್ತ ಹತ್ಲಿಲ್ಲ, ಮೈಮ್ಯಾಲ ಯುನಿಫಾರ್ಮ ಇರಲಿಲ್ಲಲ್ಲ. ಕೂಸಿಗಿ ಹತ್ತಿತು. ಯಾಕ ಅಳ್ತಿ, ಯಾಕ ಅಳ್ತಿ ಅಂತ ಆಕಿ ಕೇಳಾಕ ಹತ್ತಿದ್ಲು."

"ನೀವೇನ ಮಾಡಿದ್ರಿ?"

"ಇಳದ್ನಿ. ಮುಂದಿನ ಬಸ್ಸಿಗಿ ಹೋದ್ನಿ." ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದರು.

ವಾರ್ಡಿಗೆ ಆಗ ಒಬ್ಬ ಹೊಸ ಡಾಕ್ಟರು ಬಂದಿದ್ದರು, ಎಳೆಯ ವಯಸ್ಸು. ಭಾಗ್ಯಳ ಬೆರಳು ಆಡಿಸಲು ಆಗಲಿಲ್ಲವೆಂದು ಕೇಳಿ ಮರುದಿನ ಒಂದು ಪೆಟ್ಟಿಗೆ ತಂದರು. ಒಳಗೆ ಈಜುವವರು ಹಾಕಿಕೊಳ್ಳುವ ಕನ್ನಡಕದಂಥದು, ಆದರೆ ಇಟ್ಟಿಗೆಯಷ್ಟು ದಪ್ಪ, ಎರಡೂ ಕಿವಿ ಮುಚ್ಚುವ ಹೆಡ್‌ಫೋನು ಬೇರೆ. ವಿಆರ್ ಅಂತಾರೆ ಇದಕ್ಕೆ ಎಂದರು. ಹಾಕಿಕೊಂಡರೆ ಕಣ್ಣ ಮುಂದೆ ಸುತ್ತಲೂ ಬೇರೆಯೇ ಲೋಕ. ತಲೆ ಎತ್ತಿದರೆ ಆಕಾಶ, ತಿರುಗಿದರೆ ಬೆನ್ನ ಹಿಂದಿನದೂ ಕಾಣುತ್ತದೆ. ಇದರಲ್ಲಿದ್ದದ್ದು ಹಿಮದ ಬೆಟ್ಟ, ಬಿಳಿಯ ಕರಡಿಗಳು. ಕರಡಿಯನ್ನು ನೆಟ್ಟ ನೋಟದಿಂದ ನೋಡಿದರೆ ಅದರ ಮೇಲೆ ಹಿಮದ ಉಂಡೆ ಹೋಗಿ ಬೀಳುತ್ತಿತ್ತು.

"ಇದನ್ನ ಹಾಕಿ ಪಟ್ಟಿ ಬಿಚ್ಚೋಣ ಸಿಸ್ಟರ್" ಎಂದರು ಡಾಕ್ಟರು. "ಔಷಧ ಕೊಡೂದು ಕೊಡೋಣ. ಜೋಡಿ ಇದೂ ಇರ್ಲಿ. ಲಕ್ಷ್ಯ ಎಲ್ಲಾ ಅಲ್ಲಿ ಹೋದ್ರ ಅಂಜಿಕಿ ಕಡಿಮಿ ಆಗ್ತೈತಿ, ನೋವೂ ಅಷ್ಟ ಹತ್ತೂದಿಲ್ಲ. ಆಕಿ ಇಲ್ಲಿ ಇರೂದ ಇಲ್ಲ ಅನ್ರಿ."

"ಆಕಿ ಇಲ್ಲಿ ಇರಲಿಲ್ಲಂದ್ರ ನಾ ಯಾರ ಜೋಡಿ ಮಾತಾಡ್ಲಿ?" ಎಂದರು ಸಿಸ್ಟರ್. "ಕಣ್ಣ ಮುಚ್ಚಿದ್ರ ನನ್ನ ಕೈ ಆಕಿಗಿ ಕಾಣೂದಿಲ್ಲ."

ಡಾಕ್ಟರಿಗೆ ಇರುಸುಮುರುಸಾಯಿತು. ನನಗೆ ಕೋಪವೇ ಬಂತು. ಒಂದು ದಾರಿ ಸಿಕ್ಕಿದೆ, ಅದಕ್ಕೂ ಈ ಹೆಂಗಸು ಕಲ್ಲು ಹಾಕುತ್ತಾಳಲ್ಲ ಎಂದು. ಅಷ್ಟರಲ್ಲಿ ಸಿಸ್ಟರ್ ಸ್ಟೂಲಿನ ಮೇಲೆ ಕೂತು, ಕೊರಳಿನ ಚಾಳೀಸು ತೆಗೆದು ನನ್ನ ಕೈಗೆ ಕೊಟ್ಟು, "ಮದ್ಲ ನನಗ ಹಾಕ್ರಿ" ಎಂದರು.

ಹಾಕಿದರು. ಸಿಸ್ಟರ್ ಅತ್ತಿತ್ತ ತಲೆ ತಿರುಗಿಸಿದರು. "ಏನ್ರಿ ಇದು, ಎಲ್ಲಾ ಬೆಳ್ಳಗ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಈಗ ನನಗ ಹೇಳಲಾರದ ಒಂದು ಸೂಜಿ ಚುಚ್ಚರಿ" ಎಂದರು. ಡಾಕ್ಟರು ನನ್ನ ಮುಖ ನೋಡಿದರು. "ಚುಚ್ಚರಿ ಅಂದ್ನೆಲ್ಲ!" ತೋಳಿಗೆ ಸೂಜಿ ತಾಗಿದ್ದೇ ತಡ, ಸಿಸ್ಟರ್ ಚಿಟ್ಟನೆ ಚೀರಿ ಸ್ಟೂಲಿನಿಂದ ಎದ್ದರು. ಆ ಯಂತ್ರ ಕೆಳಗೆ ಬೀಳುವುದೊಂದು ಬಾಕಿ. ಭಾಗ್ಯ ಮಂಚದ ಮೇಲಿಂದ ಕಣ್ಣರಳಿಸಿ ನೋಡುತ್ತಿದ್ದಳು.

ಸಿಸ್ಟರ್ ಸುಧಾರಿಸಿಕೊಂಡು ಮತ್ತೆ ಕೂತರು. ಒಂದು ಕಿವಿಯ ಮೇಲಿದ್ದ ಹೆಡ್‌ಫೋನನ್ನು ಪಕ್ಕಕ್ಕೆ ಸರಿಸಿ, "ಈಗ ಹೇಳಿ ಚುಚ್ಚರಿ" ಎಂದರು. ಡಾಕ್ಟರು ಹೇಳಿ ಚುಚ್ಚಿದರು. ಈ ಸಲ ಅವರು ಅಲುಗಲಿಲ್ಲ.

ಯಂತ್ರ ತೆಗೆದು ಕಣ್ಣುಜ್ಜಿಕೊಂಡರು. "ಚುಚ್ಚಿದ್ದು ಗೊತ್ತಾತು. ಆದ್ರ ಬಾಜೂ ಮನ್ಯಾಗ ಚುಚ್ಚಿದಂಗಾತು. ಚಲೋ ಐತ್ರಿ ಡಾಕ್ಟರ್, ಹಾಕೋಣ. ಒಂದು ಕಿವಿ ನನಗ ಬಿಡ್ರಿ."

ಹಾಗೆಯೇ ಮಾಡಿದರು. ಮರುದಿನ ಭಾಗ್ಯಳ ಎಡಕಿವಿಯಲ್ಲಿ ಹಿಮದ ನಾಡಿನ ಗಾಳಿ, ಬಲಕಿವಿಯಲ್ಲಿ ಸಿಸ್ಟರಿನ ಒರಟು ದನಿ. "ಈಗ ನೀರ ಹಾಕ್ತೀನಿ, ತಣ್ಣಗ ಹತ್ತತೈತಿ. ಈಗ ಮ್ಯಾಲಿನ ಪದರ ತಗೀತೀನಿ. ಈಗ ಹೆಬ್ಬೆರಳ ಮಡಚತೀನಿ, ಇದು ನೋವಾಗ್ತೈತಿ." ಡಾಕ್ಟರ ಮೊಬೈಲಿನಲ್ಲಿ ಭಾಗ್ಯ ನೋಡುತ್ತಿರುವುದೇ ನಮಗೂ ಕಾಣುತ್ತಿತ್ತು. ಬೆಟ್ಟ, ಕರಡಿ, ಮತ್ತೆ ಬೆಟ್ಟ. "ಯವ್ವ, ಕರಡಿ ಬೆಳ್ಳಗದಾವ" ಎಂದಳು ಭಾಗ್ಯ, ನನ್ನ ಮಗಳ ಹಳೆಯ ದನಿಯಲ್ಲಿ. ನೋವು ಪೂರಾ ಹೋಗಿರಲಿಲ್ಲ. ಬೆರಳು ಮಡಚುವಾಗ ಹೆಗಲು ಬಿಗಿ ಹಿಡಿಯುತ್ತಿದ್ದಳು, ತುಟಿ ಕಚ್ಚುತ್ತಿದ್ದಳು. ಒಂದೆರಡು ಸಲ "ನಿಲ್ರಿ" ಎಂದಳು. "ಕೈ ಎತ್ತೇನಿ" ಎಂದರು ಸಿಸ್ಟರ್. ಮಗುವಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ ನಿಜವಾಗಿಯೇ ಎತ್ತಿದ್ದರು. ಅಂದು ಐದೂ ಬೆರಳು ಆಡಿದವು.

ಅದರ ಮುಂದಿನ ಸಲ ಎಲ್ಲ ಕೆಟ್ಟಿತು.

ಪಟ್ಟಿ ಬಿಚ್ಚಿ ತೊಳೆಯುತ್ತಿದ್ದಾಗ ಡಾಕ್ಟರು ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು. ಅಂಗೈಯ ಹಿಂಬದಿ, ಕಿರುಬೆರಳ ಬುಡದಲ್ಲೊಂದು, ಮಣಿಕಟ್ಟಿನ ಹತ್ತಿರ ಇನ್ನೊಂದು, ಎರಡು ಕಡೆ ಚರ್ಮ ಕರ್ರಗೆ ಸತ್ತು ಅಂಟಿಕೊಂಡಿತ್ತು. ಅದು ಹಾಗೇ ಉಳಿದರೆ ಅದರಡಿ ಕೀವಾಗುತ್ತದೆ, ಕತ್ತರಿಸಿ ತೆಗೆಯಬೇಕು. ಡಾಕ್ಟರು ನನ್ನನ್ನೂ ಸಿಸ್ಟರನ್ನೂ ಎರಡು ಹೆಜ್ಜೆ ಈಚೆ ಕರೆದು ಮೆಲ್ಲಗೆ ಹೇಳಿದರು: "ನೋವಿನ ಔಷಧ ಈಗ ಮೈಯಾಗ ಐತಿ. ಆಟದಾಗ ಮುಳಗ್ಯಾಳ. ಈಗ ತಗದಬಿಟ್ರ ಆಕಿಗಿ ಗೊತ್ತೂ ಆಗೂದಿಲ್ಲ. ಇಲ್ಲಂದ್ರ ಆಪರೇಷನ್ ಥೇಟರಿಗಿ ಒಯ್ದು ಪೂರಾ ಮಲಗಿಸಿ ಮಾಡಬೇಕಾಗ್ತೈತಿ. ಮಲಗಸೋ ಡಾಕ್ಟರು ಸಿಗಬೇಕು, ಸರತಿ ಬರಬೇಕು."

ಬಾಗಿಲಲ್ಲಿ ಮಾವ ನಿಂತಿದ್ದರು. ಹೊರಗೆ ಗಾಡಿ ತಂದು ನಿಲ್ಲಿಸಿದ್ದರು.

"ಮಾಡ್ರಿ, ಈಗ ಮಾಡ್ರಿ" ಎಂದೆ ನಾನು.

ಸಿಸ್ಟರ್ ತಲೆ ಅಲ್ಲಾಡಿಸಿದರು. "ಬಿಚ್ಚೂದು, ತೊಳಿಯೂದು, ಬೆರಳ ಆಡಸೂದು, ಕಟ್ಟೂದು. ಇಷ್ಟ ಅಂತ ಆಕಿಗಿ ಹೇಳೇನಿ. ಕತ್ತರಸೂದು ಹೇಳಿಲ್ಲ."

"ಸಿಸ್ಟರ್, ನಿಮ್ಮ ಕಾಲ ಬೀಳ್ತೀನಿ. ಆಕಿಗಿ ಗೊತ್ತಾಗೂದಿಲ್ಲ."

"ನಡುವ ಗೊತ್ತಾದ್ರ? ಕತ್ರಿ ಒಳಗಿದ್ದಾಗ ಕೈ ಎಳಕೊಂಡ್ರ?"

"ಹಿಡಕೊಳ್ಳೋಣ!"

ಅವರು ನನ್ನನ್ನು ನೋಡಿದರು. ಅಷ್ಟೆ. ತಿರುಗಿ ಹೋಗಿ ಭಾಗ್ಯಳ ಬಲಕಿವಿಯ ಹತ್ತಿರ ಬಗ್ಗಿದರು.

"ಭಾಗ್ಯಾ, ಹೊಸಾ ಮಾತ ಒಂದೈತಿ. ಚಾಳೀಸ ತಗೀಲೇನು, ಹಂಗ ಕೇಳ್ತಿಯೇನು?"

"ಹಂಗ ಹೇಳ್ರಿ."

"ನಿನ್ನ ಕೈ ಮ್ಯಾಲ ಎರಡ ಕಡಿ ಚರ್ಮ ಸತ್ತೈತಿ. ಅದನ್ನ ಡಾಕ್ಟರು ಕತ್ರೀಲೆ ತಗೀಬೇಕು. ಮದ್ಲ ನಾ ಇದನ್ನ ಹೇಳಿದ್ದಿಲ್ಲ, ಯಾಕಂದ್ರ ನನಗೂ ಗೊತ್ತಿದ್ದಿಲ್ಲ. ಸತ್ತ ಚರ್ಮಕ್ಕ ನೋವಿಲ್ಲ. ಅದರ ಅಂಚಿಗಿ ನೋವಾಗ್ತೈತಿ."

ಮೊಬೈಲಿನ ಪರದೆಯ ಮೇಲೆ ಕರಡಿಗಳು ಸರಿದಾಡುವುದು ನಿಂತಿತು. ಭಾಗ್ಯ ತಲೆ ಅಲ್ಲಾಡಿಸುವುದನ್ನು ಬಿಟ್ಟಿದ್ದಳು. ಪರದೆಯ ತುಂಬ ಬರೀ ಬಿಳಿಯ ನೆಲ, ಒಂದೇ ಜಾಗ. ನಾವು ಮೂವರೂ ಅದನ್ನೇ ನೋಡುತ್ತ ನಿಂತೆವು.

"ಬ್ಯಾಡ" ಎಂದಳು.

"ಇವತ್ತ ಬ್ಯಾಡೋ, ಎಂದೂ ಬ್ಯಾಡೋ?"

"ಇವತ್ತ ಬ್ಯಾಡ."

"ಆತು" ಎಂದರು ಸಿಸ್ಟರ್. ಹೊಸ ಪಟ್ಟಿ ಕಟ್ಟಲು ಶುರು ಮಾಡಿದರು.

ಡಾಕ್ಟರ ಮುಖ ಕೆಂಪಾಯಿತು. ಆದರೂ ದನಿ ಏರಿಸಲಿಲ್ಲ. ನಾಳೆ ಮಧ್ಯಾಹ್ನದ ಒಳಗೆ ಆಗದಿದ್ದರೆ ಥೇಟರಿಗೇ ಎಂದು ಹೇಳಿ ಹೋದರು. ಮಾವ ಸುಮ್ಮನಿರಲಿಲ್ಲ. "ಕೂಸಿನ ಮಾತ ಕೇಳಿ ಔಷಧ ಮಾಡೋ ದವಾಖಾನಿ ಎಲ್ಲೆರೆ ಐತೇನು?" ಎಂದು ಕೂಗಿದರು. ನಾನೂ ಕೂಗಿದೆ. ನಿಮಗೆ ಮಕ್ಕಳಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದೆ. ಅವರಿಗೆ ಮಕ್ಕಳಿವೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಸಿಸ್ಟರ್ ಪಟ್ಟಿಯ ತುದಿ ಸಿಕ್ಕಿಸಿ, ಟ್ರಾಲಿ ತಳ್ಳಿಕೊಂಡು ಪಕ್ಕದ ಮಂಚಕ್ಕೆ ಹೋದರು.

"ಬಟ್ಟಿ ಕಟ್ಟು ತಂಗಿ, ಹೋಗೂಣು" ಎಂದರು ಮಾವ. ನಾನು ಚೀಲ ತೆಗೆದೆ. ನಿಜವಾಗಿಯೂ ತೆಗೆದೆ. ಟವೆಲ್ಲು, ಲೋಟ, ಭಾಗ್ಯಳ ಫ್ರಾಕು ಒಳಗೆ ಹಾಕಿದೆ. ಮಾವ ಮೊಮ್ಮಗಳನ್ನು ಎತ್ತಿಕೊಳ್ಳಲು ಬಗ್ಗಿದರು.

"ನಾ ಬರೂದಿಲ್ಲ ಅಜ್ಜ" ಎಂದಳು ಭಾಗ್ಯ.

"ಯಾಕವ್ವ? ಅಲ್ಲಿ ಕತ್ರಿ ಇಲ್ಲ, ಬಿಚ್ಚೂದಿಲ್ಲ..."

"ಅಲ್ಲಿಯವರು ನಾ ಬ್ಯಾಡ ಅಂದ್ರ ಕೇಳ್ತಾರೇನು?"

ಮಾವ ಚಾಚಿದ ಕೈ ಹಿಂದೆಗೆದರು. ಮಂಚದ ಅಂಚಿಗೆ ಕೂತುಬಿಟ್ಟರು. ನಾನು ಚೀಲದಿಂದ ಟವೆಲ್ಲು ಹೊರಗೆ ತೆಗೆದೆ.

ಸಂಜೆ ಭಾಗ್ಯಳಿಗೆ ಜ್ವರ ಬಂತು. ಹಣೆ ಕೆಂಡವಾಯಿತು. ಡಾಕ್ಟರು ಬಂದು ಔಷಧ ಬದಲಿಸಿದರು. ಕೀವು ಒಳಗಿಳಿದಿದ್ದರೆ? ನೆತ್ತರಿಗೆ ಸೇರಿದ್ದರೆ? ನಾನು ಒದ್ದೆ ಬಟ್ಟೆ ಹಾಕುತ್ತ ಕೂತು ಆ ಹೆಂಗಸಿಗೆ ಹಾಕದ ಶಾಪವಿಲ್ಲ.

ಬೆಳಗಾದಾಗ ಜ್ವರ ಇಳಿದಿತ್ತು, ಪೂರಾ ಬಿಟ್ಟಿರಲಿಲ್ಲ. ಅಂದು ಸಿಸ್ಟರಿನ ವಾರದ ರಜೆ. ಆದರೂ ಬಂದರು, ಮನೆಯ ಸೀರೆಯಲ್ಲಿ. ಯುನಿಫಾರ್ಮ್ ಇಲ್ಲದೆ ಅವರು ಯಾರದೋ ಸೋದರತ್ತೆಯ ಹಾಗೆ ಕಂಡರು. ನನ್ನ ಜೊತೆ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಸ್ಟೂಲು ಎಳೆದು ಕೂತು ಹಾಸಿಗೆಯ ಮೇಲೆ ಅಂಗೈ ಊರಿದರು.

ಭಾಗ್ಯಳೇ ಮೊದಲು ಕೇಳಿದಳು. "ಎಷ್ಟ ದೊಡ್ಡದೈತಿ?"

ಸಿಸ್ಟರ್ ನನ್ನ ಪೆನ್ನು ಇಸಿದುಕೊಂಡು ತಮ್ಮ ಬಲಗೈಯ ಹಿಂಬದಿಗೆ ಎರಡು ಗುರುತು ಬರೆದರು. ಒಂದು ಹುಣಸೆಬೀಜದಷ್ಟು, ಇನ್ನೊಂದು ಅದಕ್ಕಿಂತ ತುಸು ದೊಡ್ಡದು.

"ತಗೀಲಿಲ್ಲಂದ್ರ?"

"ಕೀವಾಗ್ತೈತಿ. ಜ್ವರಾ ಏರತೈತಿ. ಬೆರಳ ಕೆಡಬಹುದು."

"ನೀವು ಹಿಡ್ಕೊಂಡ ಮಾಡ್ತೀರೇನು?"

"ನಾ ಹಿಡಿಯೂದಿಲ್ಲ. ಆದ್ರ ನೀ ಹೊಯ್ದಾಡಿದ್ರ ಮಾಡಾಕಾಗೂದಿಲ್ಲ, ಥೇಟರಿಗಿ ಒಯ್ಬೇಕಾಗ್ತೈತಿ. ಅಲ್ಲಿ ನಿನಗ ನಿದ್ದಿ ಬರಸ್ತಾರ. ಅದೂ ಒಂದ ದಾರಿನ. ಅದೇನ ಕೆಟ್ಟದಲ್ಲ."

ಭಾಗ್ಯ ತುಂಬ ಹೊತ್ತು ಆ ಪೆನ್ನಿನ ಗುರುತುಗಳನ್ನು ನೋಡಿದಳು. ಎಡಗೈ ಬೆರಳಿನಿಂದ ಒಂದನ್ನು ಮುಟ್ಟಿದಳು.

"ಕತ್ರಿ ತೋರಸ್ರಿ."

ಸಿಸ್ಟರ್ ಎದ್ದು ಹೋಗಿ, ಪೊಟ್ಟಣದಲ್ಲಿದ್ದ ಸಣ್ಣ ಕತ್ತರಿಯನ್ನು ತಂದು ಬಿಚ್ಚದೆ ತೋರಿಸಿದರು. ಬಗ್ಗಿದ ತುದಿಯ, ಬೆರಳುದ್ದದ ಕತ್ತರಿ. ಇದನ್ನು ಮಕ್ಕಳಿಗೆ ತೋರಿಸುತ್ತಾರೆಯೇ ಎಂದುಕೊಂಡೆ. ಭಾಗ್ಯ ಕಾಗದದ ಮೇಲಿಂದಲೇ ಅದನ್ನು ಒತ್ತಿ ನೋಡಿ, "ಸಣ್ಣದೈತಿ" ಎಂದಳು. ಆಮೇಲೆ, "ಚಾಳೀಸ ಹಾಕ್ರಿ" ಎಂದಳು.

ಡಾಕ್ಟರು ಬಂದರು. ಇಂಜೆಕ್ಷನ್ ಆಯಿತು, ಅದು ಹತ್ತುವ ತನಕ ಕಾದದ್ದಾಯಿತು. ಹಿಮದ ಬೆಟ್ಟ ಬಂತು, ಕರಡಿಗಳು ಬಂದವು. ನಾನು ಅವಳ ಎಡಗೈ ಹಿಡಿದು ಕೂತೆ. ಮಾವ ಗೋಡೆಗೆ ಮುಖ ಮಾಡಿ ನಿಂತರು.

"ಈಗ ಅಂಚು ಎತ್ತತಾರ" ಎಂದರು ಸಿಸ್ಟರ್. "ಈಗ ಮದಲ್ನೇ ಕತ್ರಿ. ಈಗ ಇನ್ನೊಮ್ಮಿ."

ಭಾಗ್ಯಳ ಉಸಿರು ಜೋರಾಯಿತು. ಪರದೆಯ ಮೇಲೆ ಹಿಮದ ಉಂಡೆಗಳು ಒಂದರ ಹಿಂದೊಂದು ಹಾರಿದವು. ಮೊದಲನೆಯದು ಬಿಟ್ಟುಕೊಂಡಿತು. ಎರಡನೆಯದು ಅರ್ಧಕ್ಕೆ ಬಂದಿತ್ತು, ಅಂಚಿನಿಂದ ರಕ್ತ ಜಿನುಗುತ್ತಿತ್ತು. ಆಗ ಅವಳು ಕೂಗಿದಳು, "ನಿಲ್ರಿ!"

ಸಿಸ್ಟರ್ ಕೈ ಎತ್ತಿದರು. ಡಾಕ್ಟರೂ ಎತ್ತಿದರು, ಕತ್ತರಿ ಹಿಡಿದ ಕೈಯನ್ನು. "ಇಬ್ಬರೂ ಕೈ ಎತ್ತೇವಿ" ಎಂದರು ಸಿಸ್ಟರ್. ಅರ್ಧ ಬಿಟ್ಟುಕೊಂಡ ಚರ್ಮ ಹಾಗೇ ತೂಗುತ್ತಿತ್ತು. ಯಾರೂ ಅಲುಗಲಿಲ್ಲ. ಇಡೀ ವಾರ್ಡು ನಮ್ಮ ಕಡೆಗೇ ನೋಡುತ್ತಿತ್ತು. ಡಾಕ್ಟರ ಹಣೆಯ ಬೆವರು ಹುಬ್ಬಿಗಿಳಿಯಿತು, ಒರೆಸಿಕೊಳ್ಳಲಿಲ್ಲ. 'ಮಾಡಿಬಿಡ್ರಿ' ಎಂದು ಕೂಗಬೇಕೆನ್ನಿಸಿತು, ಹಲ್ಲು ಕಚ್ಚಿಕೊಂಡೆ.

ಮೆಲ್ಲಗೆ ಉಸಿರು ಬಿಟ್ಟಳು ಭಾಗ್ಯ. ಪರದೆಯ ಮೇಲೆ ಒಂದು ಕರಡಿ ತಲೆ ಎತ್ತಿ ನೋಡಿತು.

"ಹ್ಞೂಂ, ಮಾಡ್ರಿ."

ಮುಗಿಯಿತು. ಪಟ್ಟಿ ಕಟ್ಟಿದ ಮೇಲೆ ಯಂತ್ರ ತೆಗೆದಾಗ ಅದರ ಅಂಚೆಲ್ಲ ಕಣ್ಣೀರಿನಿಂದ ಒದ್ದೆಯಾಗಿತ್ತು. ಒಳಗೊಳಗೇ ಅತ್ತಿದ್ದಳು, ನಮಗೆ ಕಂಡಿರಲಿಲ್ಲ. ಮಾವ ತಿರುಗಿ ಬಂದು ಅವಳ ತಲೆ ಸವರಿ, ನಿನ್ನೆಯಿಂದ ಕಾಯುತ್ತಿದ್ದ ಗಾಡಿಯವನಿಗೆ ಹೋಗಲು ಹೇಳಬೇಕೆಂದು ಹೊರಗೆ ನಡೆದರು. ಸಿಸ್ಟರ್ ನಲ್ಲಿಯ ಕೆಳಗೆ ಕೈ ತೊಳೆದರು. ಪೆನ್ನಿನ ಗುರುತು ಹೋಗಲಿಲ್ಲ, ಹಾಗೇ ಬಸ್ ಹತ್ತಿ ಬೆಟಗೇರಿಗೆ ಹೋದರು.

ಎರಡು ದಿನದಲ್ಲಿ ಜ್ವರ ಬಿಟ್ಟಿತು. ಗಾಯ ಮಾಯಿತು. ಮುಂದೆ ಅನೇಕ ತಿಂಗಳು ವ್ಯಾಯಾಮಕ್ಕೆಂದು ಶಿರಹಟ್ಟಿಯಿಂದ ಗದಗಿಗೆ ಓಡಾಡಿದೆವು. ನಾಲ್ಕು ಬೆರಳು ಪೂರಾ ಬಂದವು. ಕಿರುಬೆರಳು ಮಾತ್ರ ಇಂದಿಗೂ ಕೊಂಚ ಬಾಗಿಯೇ ಇದೆ. ಬರೆಯಲು ಅಡ್ಡಿಯಿಲ್ಲ.

ಒಂದು ದಿನ ನಾನು ಸಿಸ್ಟರನ್ನು ಕೇಳಿಯೇಬಿಟ್ಟೆ. ಆ ದಿನವೇ ಕತ್ತರಿಸಿದ್ದರೆ ಆ ಬೆರಳೂ ನೆಟ್ಟಗಾಗುತ್ತಿತ್ತೇ ಎಂದು. ಡಾಕ್ಟರನ್ನು ಕೇಳಿದಾಗ, "ಛೇ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದಿದ್ದರು. ಸಿಸ್ಟರ್ ಬಟ್ಟೆಯ ಸುರುಳಿ ಸುತ್ತುವುದನ್ನು ನಿಲ್ಲಿಸಿದರು.

"ಆಗ್ತಿತ್ತೇನೋ" ಎಂದರು. "ನನಗ ಗೊತ್ತಿಲ್ರಿ ಅಕ್ಕೋರ. ಭಾಳ ಸಲ ವಿಚಾರ ಮಾಡೇನಿ. ಆ ಬೆರಳ ನೋಡಿದಾಗೊಮ್ಮಿ ಮಾಡ್ತೀನಿ."

ನಾನು ಅವರಿಂದ ಇನ್ನೇನನ್ನು ನಿರೀಕ್ಷಿಸಿದ್ದೆನೋ. ಆ ಹೊತ್ತಿಗೆ ಆ ಉತ್ತರ ನನಗೆ ಸಿಟ್ಟು ತರಿಸಲಿಲ್ಲ. ಅವರ ಪಕ್ಕ ಕೂತು ನಾನೂ ಒಂದು ಸುರುಳಿ ಸುತ್ತಿದೆ. ಅವರಿಗೆ ಮಕ್ಕಳಿರಲಿಲ್ಲವೆಂದು, ಗಂಡ ಮದುವೆಯಾದ ಹೊಸತರಲ್ಲೇ ತೀರಿಹೋಗಿದ್ದರೆಂದು ಆ ದಿನ ಬೇರೊಬ್ಬ ನರ್ಸಿನಿಂದ ತಿಳಿಯಿತು.

ನಿವೃತ್ತಿಯಾದ ಮೇಲೆ ಅವರು ಬೆಟಗೇರಿಯಲ್ಲಿ ತಮ್ಮನ ಮನೆಯಲ್ಲಿದ್ದರು. ಈ ವರ್ಷ ಹೊಟ್ಟೆಯಲ್ಲಿ ಗಡ್ಡೆಯಾಗಿದೆಯೆಂದು ಗೊತ್ತಾದಾಗ ಅದು ಆಗಲೇ ಹರಡಿತ್ತಂತೆ. ನಾನೂ ಭಾಗ್ಯಳೂ ನೋಡಲು ಹೋದೆವು. ಭಾಗ್ಯ ಈಗ ಎಂಟನೇ ತರಗತಿ, ನನ್ನ ಭುಜಕ್ಕೆ ಬಂದಿದ್ದಾಳೆ. ಆಸ್ಪತ್ರೆಯ ಕೋಣೆಯಲ್ಲಿ ತಮ್ಮ, ತಮ್ಮನ ಹೆಂಡತಿ, ಓಣಿಯ ನಾಲ್ಕಾರು ಜನ ಸುತ್ತಲೂ ಕೂತಿದ್ದರು. ಸಿಸ್ಟರ್ ಅರ್ಧದಷ್ಟಾಗಿದ್ದರು. ಗೋಡೆಯ ಕಡೆ ನೋಡುತ್ತ ಮಲಗಿದ್ದರು.

"ಬರ್ರಿ, ಕುಂಡ್ರಿ" ಎಂದರು ತಮ್ಮ. "ಅಕ್ಕ ಈಗ ಆರಾಮ ಅದಾಳ್ರಿ. ಏನೂ ಇಲ್ಲ, ಬರೇ ನಿಶ್ಶಕ್ತಿ. ಒಂದೆರಡ ದಿನದಾಗ ಮನಿಗಿ ಒಯ್ತೀವಿ."

"ಹೌದ್ರಿ, ಮುಖದಾಗ ಕಳಾ ಬಂದೈತಿ" ಎಂದರು ಇನ್ನೊಬ್ಬರು.

ನಾನೂ ಅಂಥದೇ ಏನೋ ಹೇಳಲು ಬಾಯಿ ತೆರೆದಿದ್ದೆ. ಭಾಗ್ಯ ಮುಂದೆ ಹೋಗಿ ಮಂಚದ ಅಂಚಿಗೆ ನಿಂತು, "ಸಿಸ್ಟರ್, ನೋವೈತೇನ್ರಿ?" ಎಂದು ಕೇಳಿದಳು.

ಸಿಸ್ಟರ್ ನಿಧಾನವಾಗಿ ಕತ್ತು ತಿರುಗಿಸಿದರು.

"ಐತಿ" ಎಂದರು.

"ಭಾಳ?"

"ಭಾಳ ಐತಿ. ಮುಂಜಾನಿಯಿಂದ ಐತಿ."

"ಇಲ್ಲಬಿಡವ್ವ, ಈಗಷ್ಟ ಗಂಜಿ ಕುಡದಾಳ..." ಎಂದು ತಮ್ಮ ಶುರು ಮಾಡಿದರು. ಭಾಗ್ಯ ಆಗಲೇ ಬಾಗಿಲು ದಾಟಿದ್ದಳು. ಕಾರಿಡಾರಿನಲ್ಲಿ ಅವಳು ಯಾರಿಗೋ ಗಟ್ಟಿಯಾಗಿ ಹೇಳುವುದು ಕೇಳಿಸಿತು. ಅವಳ ಹಿಂದೆಯೇ ಒಬ್ಬ ಎಳೆಯ ನರ್ಸು ಬಂದು, ಸಿಸ್ಟರನ್ನೇ ನಾಲ್ಕು ಮಾತು ಕೇಳಿ, ಹೊರಗೆ ಹೋಗಿ ಡಾಕ್ಟರನ್ನು ವಿಚಾರಿಸಿಕೊಂಡು ಇಂಜೆಕ್ಷನ್ ತಂದಳು.

ಸ್ವಲ್ಪ ಹೊತ್ತಿಗೆ ಅವರ ಹಣೆಯ ಗಂಟು ಸಡಿಲಿತು. ಬಿಗಿಹಿಡಿದಿದ್ದ ಹೊದಿಕೆಯನ್ನು ಬೆರಳು ಬಿಟ್ಟವು. ನಿದ್ದೆ ಹತ್ತಿತು. ಬಂದವರು ಒಬ್ಬೊಬ್ಬರಾಗಿ ಎದ್ದು ಹೋದರು. ನಾವಿಬ್ಬರೂ ಶಿರಹಟ್ಟಿಯ ಬಸ್ಸಿನ ಹೊತ್ತಾಗುವ ತನಕ ಅಲ್ಲೇ ಕೂತೆವು. ಅವರನ್ನು ಎಬ್ಬಿಸಲಿಲ್ಲ.